ಹಿಂದಿನ ಹೆಜ್ಜೆ ದೊಡ್ಡದು

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನಾಗರತ್ನಾಳ ದ್ವೇಷಕ್ಕೆ ಇನ್ನೂ ಒಂದು ವರುಷವೂ ತುಂಬಿರಲಿಲ್ಲ. ಜಹೀರಾಬಾದಿನ ಹೈವೇ ಬದಿಗೆ ಅವಳ ಗಂಡ ಅನಿಲಕುಮಾರನ ಟೈರ್ ಅಂಗಡಿ. ಗಲ್ಲಾ ಮೇಲೆ ಕೂಡುವವಳು ಅವಳು. ಗಿರಾಕಿ ಬಂದರೆ ಬೇರೆಯವರು ಮೊದಲು ಮುಖ ನೋಡುತ್ತಾರೆ. ಇವಳು ಎದ್ದು ಹೋಗಿ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಂದಿನ ಟೈರಿಗೆ ಗೇಣು ಹಾಕುತ್ತಿದ್ದಳು. ಆಮೇಲೆ ಮುಂದಿನದಕ್ಕೆ. ಎರಡೂ ಒಂದೇ ಆದರೆ ಸೆರಗಿಗೆ ಕೈ ಒರೆಸಿಕೊಂಡು ಬಂದು, "ಬರ್ರಿ, ಕೂಡ್ರಿ, ಏನಾಗಬೇಕು" ಎನ್ನುತ್ತಿದ್ದಳು. ಅಂಗಡಿಯಲ್ಲಿ ಟೇಪಿಗೂ ಗತಿಯಿಲ್ಲವೇ ಎಂದು ಗಿರಾಕಿಗಳು ನಗುತ್ತಿದ್ದರು. ಟೈರಿನ ಮೈಮೇಲೆ ಅಳತೆ ಬರೆದಿರುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಆದರೆ ಅವಳು ಹುಡುಕುತ್ತಿದ್ದ ಅಳತೆಯನ್ನು ಮಣ್ಣಿನಲ್ಲಿ ಓದಿದ್ದಳು.

ಹೋದ ಶ್ರಾವಣದಲ್ಲಿ ಅವಳ ಅಪ್ಪ ಖಂಡೆಪ್ಪ ಸತ್ತ. ಮನೂರಿನ ಖಂಡೆಪ್ಪ ಎಂದರೆ ನಾರಾಯಣಖೇಡದ ಸುತ್ತ ಹೊಲವಿದ್ದವರಿಗೆಲ್ಲ ಗೊತ್ತು. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ಕುರಿಹಿಂಡು ತಂಗಿಸಿಕೊಳ್ಳುತ್ತಾರಲ್ಲ, ಹಾಗೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹಿಂಡು ಹೊಡೆದುಕೊಂಡು ತಿರುಗಿದ ಜೀವ ಅದು. ಅವತ್ತು ಸಂಜೆ ಮಳೆ ಜಿನುಗುತ್ತಿತ್ತು. ಹಿಂಡು ರಸ್ತೆ ದಾಟುವಾಗ ಒಂದು ಕಾರು ಬಂದು ಕುರಿಗಳ ಮೇಲೆ ಹಾಯಿತು, ಅವುಗಳ ಹಿಂದಿದ್ದ ಅವನ ಮೇಲೂ ಹಾಯಿತು. ಹಾಲಿನ ಆಟೋದವನು ಕಂಡು ಎತ್ತಿಕೊಂಡು ಬರುವಷ್ಟರಲ್ಲಿ ಮೈಯ ರಕ್ತವೆಲ್ಲ ಮಣ್ಣಿಗೆ ಹೋಗಿತ್ತು. ಜಹೀರಾಬಾದಿನ ಆಸ್ಪತ್ರೆಯಲ್ಲಿ ಅವನು ಮಗಳ ಕೈ ಹಿಡಿದು ಬಾಯಿ ಬಿಟ್ಟ.

"ಇಳದು ನೋಡಿದ, ನಾಗೂ. ನೋಡಿ ಹೋದ."

"ಯಾರಪ್ಪಾ? ಯಾರು ನೋಡಿದ್ರು?"

"ಮಾರಿ ಕಾಣಲಿಲ್ಲ. ಗಾಡಿ ಲೈಟು ಕಣ್ಣಾಗ ಹೊಡೀತಿತ್ತು."

ಅದಾದ ಮೇಲೆ ಅವನು ಮಾತಾಡಲಿಲ್ಲ. ಗುದ್ದಿದ್ದಕ್ಕಲ್ಲ ಅವಳ ಹೊಟ್ಟೆ ಉರಿದದ್ದು. ಮಳೆ, ಮಬ್ಬು, ರಸ್ತೆ ತುಂಬ ಕುರಿ. ಅಂಥಾ ತಪ್ಪು ಯಾರ ಕೈಯಿಂದಲೂ ಆದೀತು. ಆದರೆ ಇಳಿದು, ಬಾಗಿ, ಇನ್ನೂ ಉಸಿರಾಡುವ ಮನುಷ್ಯನನ್ನು ನೋಡಿ, ಬಾಗಿಲು ಹಾಕಿಕೊಂಡು ಹೊರಟನಲ್ಲ, ಅವನಿಗೇನು ಅನ್ನಬೇಕು? ಅವನನ್ನು ಅದೇ ಮಣ್ಣಿಗೆ ತಂದು ಕೆಡವಬೇಕು, ಕೆಡವಿ ತಾನೂ ನೋಡಬೇಕು. ನಾಗರತ್ನಾಳಿಗೆ ಬೇಕಾದದ್ದು ಇಷ್ಟೇ. ಇದಕ್ಕಾಗಿ ಅವಳು ಅನ್ನ ಬಿಟ್ಟಾಳು, ಗಂಡನನ್ನೂ ಬಿಟ್ಟಾಳು ಎಂದು ಅನಿಲಕುಮಾರನಿಗೆ ಅನ್ನಿಸುತ್ತಿತ್ತು.

ಸಾವಿನ ಮಾರನೆಯ ಬೆಳಿಗ್ಗೆ ಮನೆಯವರೂ ಊರಿನ ಕುರಿಗಾರರೂ ಆ ಜಾಗಕ್ಕೆ ಹೋಗಿ ನಿಂತಿದ್ದರು. ಕಾರು ಡಾಂಬರು ಬಿಟ್ಟು ಪಕ್ಕದ ಎರೆಮಣ್ಣಿಗೆ ಇಳಿದು, ಹಿಂದೆ ಸರಿದು, ಹೊರಳಿ, ಬಂದ ದಾರಿಗೇ ಹೋಗಿತ್ತು. ಹೊರಳುವಾಗ ಮುಂದಿನ ಗಾಲಿ ಒಂದು ಜಾಡು ಹಿಡಿದರೆ ಹಿಂದಿನ ಗಾಲಿ ಇನ್ನೊಂದು ಜಾಡು ಹಿಡಿಯುತ್ತದೆ. ಎರಡೂ ಹಸಿ ಮಣ್ಣಿನಲ್ಲಿ ಅಚ್ಚು ಒತ್ತಿದ ಹಾಗೆ ಬಿದ್ದಿದ್ದವು. ತಪ್ಪಿಸಿಕೊಂಡ ಕುರಿಯನ್ನು ಹೆಜ್ಜೆ ನೋಡಿ ಹುಡುಕುವ ಜನ ಅವರು. ಖಂಡೆಪ್ಪನ ತಮ್ಮ ತುಳಜಪ್ಪ ಬಾಗಿ ಬಹಳ ಹೊತ್ತು ನೋಡಿದ.

"ಕುರಿಗಿ ಮುಂದಿನ ಗೊರಸು ದೊಡ್ಡದು, ಹಿಂದಿಂದು ಸಣ್ಣದು. ಇದು ಉಲ್ಟಾ ಜಾತಿ ಅದ. ಹಿಂದಿನ ಹೆಜ್ಜೆ ದೊಡ್ಡದು."

ಖಂಡೆಪ್ಪನ ಹೆಂಡತಿ ಭೀಮವ್ವ ಕೆಸರಿನಲ್ಲಿ ಕೂತು ಗೇಣು ಹಾಕಿದಳು. ಮುಂದಿನದು ಸರಿಯಾಗಿ ಅವಳ ಗೇಣು, ಹಿಂದಿನದು ಗೇಣಿನ ಮೇಲೆ ಎರಡು ಬೆರಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೂತು ತಮ್ಮ ತಮ್ಮ ಕೈಗೆ ಆ ಅಳತೆ ಕಲಿಸಿಕೊಂಡರು. ಮಧ್ಯಾಹ್ನದ ಮಳೆ ಗುರುತು ತೊಳೆದುಕೊಂಡು ಹೋಯಿತು. ಪೊಲೀಸರು ಗೊತ್ತಿಲ್ಲದ ಗಾಡಿ ಎಂದು ಬರೆದುಕೊಂಡು ಹೋದರು.

ಅನಿಲಕುಮಾರ ಹೆಂಡತಿಯನ್ನು ಸಮಾಧಾನ ಮಾಡಲು ಒಂದು ಮಾತು ಹೇಳಿದ್ದ. "ಹಿಂದ ಅಗಲ ಮುಂದ ಸಣ್ಣದು ಹಾಕ್ಕೊಂಡ ಗಾಡಿ ಈ ಕಡಿ ಭಾಳ ಇಲ್ಲ, ನಾಗೂ. ನಾಲ್ಕೂ ಒಂದೇ ಇದ್ರ ಮುಂದಿಂದು ಹಿಂದ, ಹಿಂದಿಂದು ಮುಂದ ಬದಲಿ ಮಾಡಿ ಓಡಸ್ತಾರ. ಇವಕ್ಕ ಅದು ಆಗೂದಿಲ್ಲ. ಹಿಂದಿನವು ಜಲ್ದಿ ಸವೀತಾವ. ಒಂದಿಲ್ಲ ಒಂದಿನ ಹೊಸ ಟೈರಿಗಿ ಬರಲೇಬೇಕು."

ಅವನು ಹೇಳಿದ್ದು ಸಮಾಧಾನಕ್ಕೆ. ಅವಳು ಹಿಡಿದದ್ದು ವ್ರತದ ಹಾಗೆ. ನೀರಿಗೆ ಬಾರದ ಕುರಿ ಎಲ್ಲಾದರೂ ಉಂಟೇ? ಆವತ್ತಿನಿಂದ ಗಲ್ಲಾ ಮೇಲೆ ಕೂತು ಅವಳು ಕೆರೆಯ ದಂಡೆ ಕಾಯುವವಳ ಹಾಗೆ ಕಾದಳು.

ಆ ದಿನಗಳಲ್ಲಿ ಅವಳಿಗೆ ಆಸರೆಯ ಮಾತಾಡಿದ ದೊಡ್ಡವರಲ್ಲಿ ನಾರಾಯಣಖೇಡದ ಕಂಟ್ರಾಕ್ಟರ್ ಜೈಪಾಲನೂ ಒಬ್ಬ. ಖಂಡೆಪ್ಪನ ಹಿಂಡು ಪ್ರತಿ ವರ್ಷ ಅವನ ಹೊಲದಲ್ಲಿ ತಂಗುತ್ತಿತ್ತು. ದುಃಖ ಕೇಳಲು ಜೀಪಿನಲ್ಲಿ ಬಂದು ಭೀಮವ್ವನ ಮುಂದೆ ನೆಲಕ್ಕೆ ಕೂತು, "ಖಂಡೆಪ್ಪ ಕಾಕಾ ನಮ್ಮ ಮನೀ ಮನುಷ್ಯ ಇದ್ದ" ಎಂದು ಕಣ್ಣು ಒರೆಸಿಕೊಂಡಿದ್ದ. ಆಮೇಲೆ ತನ್ನ ಟಿಪ್ಪರುಗಳ ಟೈರಿಗೂ ಅನಿಲಕುಮಾರನ ಅಂಗಡಿಯನ್ನೇ ಹಿಡಿದ. ಒಮ್ಮೆ ತನ್ನ ಕರೀ ಕಾರನ್ನು ಎಲ್ಲಿಯವೋ ಹಳೇ ಗಾಲಿಗಳ ಮೇಲೆ ಓಡಿಸಿಕೊಂಡು ಬಂದು, ಮೊದಲಿನವು ತಗ್ಗಿಗೆ ಬಿದ್ದು ಸೊಟ್ಟಗಾದವು, ಹೊಸಾವು ಹಾಕಿರಿ ಎಂದಿದ್ದ. ಫೋನಿನಲ್ಲಿ ಹಳೆಯದರ ಫೋಟೋ ತೋರಿಸಿ, ಡಿಸೈನು ಇದೇ ಇರಬೇಕೆಂದೂ ಹೇಳಿದ್ದ. ಆ ಮಾಡೆಲ್ಲಿಗೆ ಎರಡೂ ತರಹ ಬರುತ್ತವೆಂದು ನಾಗರತ್ನಾಳೇ ಕೇಳಿದ್ದಳು.

"ಅಣ್ಣಾ, ಹಿಂದ ಅಗಲಂದು ಹಾಕೂದಾ, ನಾಲ್ಕೂ ಒಂದೇ ಸೈಜಾ?"

"ನಾಲ್ಕೂ ಒಂದೇ ಇರ್ಲಿ, ತಂಗಿ. ಹಿಂದ ದೊಡ್ಡದು, ಮುಂದ ಸಣ್ಣದು, ಅವೆಲ್ಲ ಹುಡುಗರ ಶೋಕಿ."

ಎಷ್ಟು ತೂಕದ ಮನುಷ್ಯ ಎಂದುಕೊಂಡು ಅವಳು ಅವನಿಗೆ ಏಲಕ್ಕಿ ಹಾಕಿದ ಚಹಾ ತರಿಸಿ ಕೊಟ್ಟಿದ್ದಳು.

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ವಾರ, ತಾಂಡೂರಿನ ಒಬ್ಬ ತರುಣ ಬಿಳಿ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಹೆಸರು ಸಂಗು, ಅವರದು ತೊಗರಿಬೇಳೆಯ ವ್ಯಾಪಾರ. ಜೈಪಾಲನ ಕಾರಿನದೇ ಕಂಪನಿ, ಅದೇ ಮಾಡೆಲ್ಲು. ನಾಗರತ್ನಾ ಎದ್ದು ಹೋಗಿ ಹಿಂದೆ ಕೂತಳು. ಗೇಣು ಹಾಕಿದಳು. ಗೇಣು ಮುಗಿದ ಮೇಲೆ ಎರಡು ಬೆರಳು ಉಳಿಯಿತು. ಮುಂದೆ ಹೋಗಿ ಹಾಕಿದಳು. ಸರಿಯಾಗಿ ಗೇಣು. ಮತ್ತೊಮ್ಮೆ ಹಿಂದೆ ಬಂದು ಹಾಕಿದಳು, ಅದೇ ಎರಡು ಬೆರಳು.

"ಹಿಂದಿನವು ಸವದಾವ, ಅಕ್ಕಾ," ಎಂದ ಸಂಗು. "ಮತ್ತ ಅಗಲಂದೇ ಹಾಕಲ್ಯಾ, ನಾಲ್ಕೂ ಒಂದೇ ಸೈಜಿಗಿ ಬದಲಿ ಮಾಡಲ್ಯಾ, ತಿಳೀವಲ್ದು. ನೋಡಾಕ ಅಗಲಂದೇ ಛಂದ. ಆದ್ರ ಸ್ಟೆಪ್ನಿ ಮುಂದ ಹೊಂದಿದ್ರ ಹಿಂದ ಹೊಂದೂದಿಲ್ಲ."

"ಕೂಡ್ರಿ, ನೋಡಿ ಹೇಳ್ತೀನಿ," ಎಂದಳು. ಸಂಗು ಎದುರಿನ ಹೋಟೆಲಿಗೆ ಹೋದ. ಅನಿಲಕುಮಾರ ಊಟಕ್ಕೆ ಮನೆಗೆ ಹೋಗಿದ್ದ. ಅಂಗಡಿಯಲ್ಲಿ ಅವಳೊಬ್ಬಳೇ.

ಅವಳು ಪಾನಾ ತೆಗೆದುಕೊಂಡಳು. ಹಿಂದಿನ ಎಡಗಾಲಿಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ಪೂರಾ ಬಿಚ್ಚಲಿಲ್ಲ, ತಾಂಡೂರಿನ ದಾರಿಯಲ್ಲಿ ಕಲ್ಲು ತುಂಬಿದ ಲಾರಿಗಳು ಎದುರಾಗುವ ತನಕ ಗಾಲಿ ಉಳಿದರೆ ಸಾಕೆಂದು ಬಿಗಿ ತಪ್ಪಿಸಿದಳು. ಅವಳ ಎದೆಯಲ್ಲಿ ಆಗ ಭಯವಿರಲಿಲ್ಲ, ಪಾಪದ ಮಾತಂತೂ ದೂರ. ಹಸಿದವನಿಗೆ ಎಲೆ ಹಾಕಿದಾಗ ಆಗುತ್ತದಲ್ಲ, ಅಂಥ ಒಂದು ಖುಷಿ ಇತ್ತು. ಕಥೆ ಹೇಳುವ ನಾನು ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಸಂಗು ಎರಡು ಕೈಯಲ್ಲಿ ಎರಡು ಚಹಾ ಹಿಡಿದುಕೊಂಡು ಬಂದ. "ತಗೋರಿ ಅಕ್ಕಾ. ನಿಮಗ ಯಾರೂ ಚಾ ತಂದುಕೊಡೂದಿಲ್ಲ ಅಂತ ಕಾಣ್ತದ."

ಅವಳು ಲೋಟ ಮುಟ್ಟಲಿಲ್ಲ. "ಹೋದ ಶ್ರಾವಣದಾಗ ಮನೂರ ಕಡಿ ಹೋಗಿದ್ರೇನು?"

"ಮನೂರಾ? ನಾ ಆ ದಾರೀನೇ ನೋಡಿಲ್ಲ. ಶ್ರಾವಣದಾಗ ಈ ಗಾಡಿ ಎಲ್ಲಿತ್ತು, ದಸರಾಕ್ಕ ತಗೊಂಡೀನಿ. ಗಾಲಿ ಬ್ಯಾರೆ ತಗೊಂಡೆ, ಸೆಕೆಂಡ್ ಹ್ಯಾಂಡ್."

"ಯಾರ ಕಡಿಂದ?"

"ನಾರಾಯಣಖೇಡದ ಜೈಪಾಲಣ್ಣ. ಕರಣಕೋಟಕ್ಕ ಸಿಮೆಂಟಿಗಿ ಬರ್ತಾನಲ್ಲ, ನಮ್ಮಪ್ಪಗ ಪರಿಚಯ. ಹೊಸಾ ಗಾಲಿ, ಎರಡು ತಿಂಗಳೂ ಓಡಸಿರಲಿಲ್ಲ. ಜಲ್ದಿ ತಗೊಂಡು ಹೋಗಂದ. ಯಾಕ ಮಾರ್ತೀರಿ ಅಂದ್ರ, ಶೋಕಿ ತೀರ್ತು ಅಂದ."

ನಾಗರತ್ನಾ ಅಲ್ಲೇ ಟೈರಿನ ಗುಡ್ಡೆಯ ಮೇಲೆ ಕೂತಳು. ಅವಳು ಮಾಡಿದ ತಪ್ಪು ಕುರಿಗಾರರ ಮಗಳು ಮಾತ್ರ ಮಾಡುವಂಥದ್ದು. ಪ್ರಾಣಿಯ ಕಾಲು ಹುಟ್ಟಿದಾಗಿನಿಂದ ಸಾಯುವ ತನಕ ಅದೇ ಕಾಲು. ಹೆಜ್ಜೆ ಸಿಕ್ಕರೆ ಪ್ರಾಣಿ ಸಿಕ್ಕ ಹಾಗೆ. ಹುಟ್ಟಿದ ಮನೆಯಲ್ಲಿ ಕಲಿತದ್ದು ಅದು. ಕಾರು ಕಾಲು ಬದಲಿಸಿಕೊಳ್ಳುತ್ತದೆ ಎಂಬುದನ್ನು, ದಿನಾ ಕಾಲು ಬದಲಿಸುವ ಅಂಗಡಿಯಲ್ಲಿ ಕೂತೂ ಅವಳು ನೆನೆಯಲಿಲ್ಲ. ಇಷ್ಟೂ ತಿಂಗಳು ಡೊಂಕು ಹೆಜ್ಜೆಯವನನ್ನು ಹುಡುಕಿದ್ದಳು. ಸರಿಹೆಜ್ಜೆ ಬೇಕೆಂದು ಬಂದವನಿಗೆ ಕೈಯಾರೆ ಹಾಕಿಸಿ ಕೊಟ್ಟು, ಏಲಕ್ಕಿ ಚಹಾ ಕುಡಿಸಿ ಕಳಿಸಿದ್ದಳು.

ಅವನು ಡಿಸೈನು ಯಾಕೆ ಅದೇ ಬೇಕೆಂದ ಎಂಬುದೂ ಈಗ ಹೊಳೆಯಿತು. ಪಕ್ಕದಿಂದ ನೋಡಿದವರಿಗೆ ಗಾಲಿ ಬದಲಾದದ್ದು ತಿಳಿಯಬಾರದು. ಅಗಲ ತಿಳಿಯಬೇಕಾದರೆ ಹಿಂದೆ ಬಂದು ಬಾಗಬೇಕು. ಖಂಡೆಪ್ಪನ ಮಗಳ ಅಂಗಡಿಯಲ್ಲೇ ಹಾಕಿಸಿದರೆ ಅನುಮಾನ ಯಾರಿಗೆ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು, ಹಾಲು ಎರೆದವಳು ಇವಳೇ.

ಅವಳು ಎದ್ದು ಮೊದಲು ಆ ಬೋಲ್ಟುಗಳನ್ನು ಬಿಗಿ ಮಾಡಿದಳು. ಮೈಯ ಬಲವೆಲ್ಲ ಹಾಕಿ ಮಾಡಿದಳು. ಆಮೇಲೆ ಚಹಾ ಕುಡಿದಳು. ತಾನು ಅವತ್ತು ಎಲ್ಲಿಯವರೆಗೆ ಹೋಗಿ ಬಂದೆ ಎಂದು ಸಂಗುವಿಗೆ ಇವತ್ತಿಗೂ ಗೊತ್ತಿಲ್ಲ.

"ನಾಲ್ಕೂ ಒಂದೇ ಸೈಜು ಹಾಕ್ಕೋ, ತಮ್ಮಾ," ಎಂದಳು. "ಹಳೇವು ನಾಲ್ಕೂ ನನಗ ಕೊಡು, ಬದಲಿಗೆ ಹೊಸಾವು ಒಯ್ಯಿ. ನಾಳೆ ಪೊಲೀಸರು ಕೇಳಿದ್ರ, ಇವು ಯಾರ ಕಡಿಂದ ಬಂದಾವ ಅಂತ ಹೇಳ್ತೀಯಾ?"

ಸಂಗು ಅವಳ ಮುಖ ನೋಡಿದ. ಅವಳು ಎಲ್ಲ ಹೇಳಿದಳು, ಬೋಲ್ಟಿನದೊಂದು ಬಿಟ್ಟು. ಅವನು ಲೋಟ ಕೆಳಗಿಟ್ಟು, "ಹೇಳ್ತೀನಿ, ಅಕ್ಕಾ" ಎಂದ.

ಅನಿಲಕುಮಾರ ಊಟ ಮುಗಿಸಿ ಬಂದಾಗ ನಾಲ್ಕು ಗಾಲಿಗಳು ಅಂಗಡಿಯ ಮೂಲೆಯಲ್ಲಿ ಖಂಡೆಪ್ಪನ ಕಂಬಳಿ ಹೊದ್ದು ಕೂತಿದ್ದವು. ಹೆಂಡತಿ ಹೇಳಿದ್ದನ್ನೆಲ್ಲ ಅವನು ಕೇಳಿದ. ಮೆತ್ತಗಿನ ಮನುಷ್ಯ, ತಾಳಿದವನು ಬಾಳಿಯಾನು ಎಂಬ ಒಂದೇ ಗಾದೆಯಲ್ಲಿ ಸಂಸಾರ ನಡೆಸಿದವನು.

"ಅಂವ ದೊಡ್ಡಾಂವ, ನಾಗೂ. ನಮ್ಮ ಅಂಗಡಿ ಅರ್ಧಾ ಅವನ ಟಿಪ್ಪರ್ ಮ್ಯಾಲೆ ನಡೀಲತ್ತದ. ಸೀದಾ ಠಾಣೆಗಿ ಹೋಗೂಣು."

"ಹೋಗೂಣು. ಮೊದಲ ಅಂವ ಮನೂರಿಗಿ ಬರಬೇಕು. ಅದೇ ಗಾಲಿ ಮ್ಯಾಲೆ, ಅದೇ ಮಣ್ಣಿಗಿ. ಠಾಣೆಗಿ ಮೊದಲ ಹೋದ್ರ ಗಾಲಿ ನಂದಲ್ಲ ಅಂತಾನ. ನಮ್ಮ ಮಂದಿ ಮುಂದ ಅನ್ಲಿ ನೋಡೂಣು."

ಶ್ರಾವಣ ಬಂತು. ಖಂಡೆಪ್ಪನ ವರ್ಷದ ಎಡೆ. ಕುರಿಗಾರರ ಪದ್ಧತಿಯಂತೆ, ಜೀವ ಬಿದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಅದರ ಮುಂದೆ ಕಂಬಳಿ ಹಾಸಿ, ದೇವರ ಅರಿಶಿನಪುಡಿ, ಅಂದರೆ ಭಂಡಾರ, ಇಟ್ಟು ಎಡೆ ಹಿಡಿಯುತ್ತಾರೆ. ಆ ಕಂಬಳಿಯ ಮೇಲೆ ಕೂತು ಭಂಡಾರ ಹಿಡಿದವನು ಸುಳ್ಳು ಆಡಬಾರದು. ಆಡಿದರೆ ಮನೆ ಹಾಳು ಎಂದು ಆ ಕಡೆಯವರೆಲ್ಲ ನಂಬುತ್ತಾರೆ. ನಾಗರತ್ನಾ ಜೈಪಾಲನಿಗೆ ತಾನೇ ಫೋನು ಮಾಡಿ ಕರೆದಳು. "ಮನೀ ಮನುಷ್ಯರು ನೀವು. ನೀವಿಲ್ಲದ ಹ್ಯಾಂಗ ಎಡೀ ಹಿಡಿಯೂದು?" ಬರುವುದಿಲ್ಲ ಎನ್ನಲು ಅವನಿಗೆ ಬಾಯಿ ಎಲ್ಲಿ? ಅವತ್ತೇ ಜಹೀರಾಬಾದಿನಲ್ಲಿ ಕೆಲಸವೂ ಇತ್ತು. ಕಾರನ್ನು ಬೆಳಿಗ್ಗೆ ಅಂಗಡಿಗೆ ಬಿಟ್ಟು ಅಲೈನ್‌ಮೆಂಟ್ ನೋಡಿಡು ಎಂದು ಅನಿಲಕುಮಾರನಿಗೆ ಹೇಳಿ ಹೋದ.

ಗಾಲಿ ಬದಲಿಸಿದವನು ಅನಿಲಕುಮಾರನೇ. ಹೆಂಡತಿ ಕೇಳಿಕೊಳ್ಳಲೂ ಇಲ್ಲ. ಕಂಬಳಿ ಸರಿಸಿ, ಅವೇ ನಾಲ್ಕನ್ನು ಹೊರಳಿಸಿಕೊಂಡು ಬಂದು, ಒಂದೊಂದೇ ಬೋಲ್ಟನ್ನು ಕೈಯಿಟ್ಟು ನೋಡಿ ಬಿಗಿ ಮಾಡಿದ.

"ಇಷ್ಟು ಬಿಗಿ ಯಾಕ?" ಎಂದಳು ನಾಗರತ್ನಾ.

"ದಾರ್ಯಾಗ ಸಾಯಬಾರದು ಅಂವ. ಮನೂರಿಗಿ ಮುಟ್ಟಬೇಕು."

ಮೂವತ್ತು ವರ್ಷ ತಾಳ್ಮೆಯಿಂದ ಬದುಕಿದವನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ಗಂಡನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು. ಆಮೇಲೆ ಅವಳು ಶೇರ್ ಆಟೋ ಹಿಡಿದು ಮುಂದೆ ಹೋದಳು.

ಮಧ್ಯಾಹ್ನದ ಮೇಲೆ ಜೈಪಾಲ ಕೀಲಿ ತೆಗೆದುಕೊಂಡು, ಕಿವಿಗೆ ಫೋನು ಹಚ್ಚಿಕೊಂಡೇ ಕಾರು ಹತ್ತಿದ. ಅದೇ ಡಿಸೈನು, ಅದೇ ಹೊಳಪು. ಹಿಂದೆ ಬಂದು ಬಾಗಿ ನೋಡುವ ಚಾಳಿ ಅವನಿಗೆ ಎಲ್ಲಿಯದು? ಅನಿಲಕುಮಾರ ಮೋಟರ್‌ಸೈಕಲ್ ತೆಗೆದುಕೊಂಡು ಅವನ ಹಿಂದೆಯೇ ಹೊರಟ.

ಮನೂರ ದಾರಿಯಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ ಹಿಡಿದು ಆಗಷ್ಟೇ ಬಿಟ್ಟಿತ್ತು. ಕಲ್ಲಿನ ಮುಂದೆ ಕಂಬಳಿ ಹಾಸಿತ್ತು. ತುಳಜಪ್ಪ, ಭೀಮವ್ವ, ಊರಿನ ಕುರಿಗಾರರು ಎಲ್ಲ ಕೂತಿದ್ದರು. ಹಿಂಡು ಆಚೆ ಮೇಯುತ್ತಿತ್ತು. ಕರೀ ಕಾರು ಬಂತು, ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿಯಿತು, ಹೋಗುವಾಗ ಅನುಕೂಲವಾಗಲೆಂದು ಹಿಂದೆ ಸರಿದು ಹೊರಳಿ ನಿಂತಿತು. ನಾಗರತ್ನಾ ಯಾರಿಗೂ ಏನೂ ಹೇಳಿರಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ತುಳಜಪ್ಪನ ಕಣ್ಣು ಅಭ್ಯಾಸದಂತೆ ನೆಲಕ್ಕೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಅವನು ಕಂಬಳಿಯಿಂದ ಎದ್ದ. ಅವನು ಎದ್ದದ್ದು ನೋಡಿ ಪಕ್ಕದವನು ಎದ್ದ. ಭೀಮವ್ವ ಕೋಲೂರಿಕೊಂಡು ಬಂದು, ಹಸಿ ಮಣ್ಣಿನಲ್ಲಿ ಕೂತು ಗೇಣು ಹಾಕಿದಳು. ಮೊದಲ ಜಾಡು, ಗೇಣು. ಎರಡನೆಯ ಜಾಡು, ಗೇಣಿನ ಮೇಲೆ ಎರಡು ಬೆರಳು.

ಜೈಪಾಲ ಸೀಟಿನಲ್ಲೇ ಇದ್ದ. "ಏನಾತು, ಕಾಕೂ? ಏನು ಬಿತ್ತು?"

"ಇಳದು ನೋಡ್ರಿ, ಅಣ್ಣಾ," ಎಂದಳು ನಾಗರತ್ನಾ.

ಅವನು ಇಳಿದ. ಹಿಂದೆ ಬಂದ. ಗಾಲಿ ನೋಡಿದ, ಮಣ್ಣು ನೋಡಿದ, ಮತ್ತೆ ಗಾಲಿ ನೋಡಿದ.

"ಇವು ಇಲ್ಲಿ ಹ್ಯಾಂಗ ಬಂದ್ವು? ಇವು ನನ್ನವಲ್ಲ. ಇವು ನಾ ತಾಂಡೂರಿನ ಹುಡುಗಗ ಮಾರೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

"ಯಾವಾಗ ಮಾರಿದ್ರಿ?" ಎಂದಳು ಅವಳು. "ಯಾಕ ಮಾರಿದ್ರಿ?"

ಅವನು ಸುತ್ತ ನೋಡಿದ. ಯಾರ ಕೈಯಲ್ಲೂ ಕೋಲು ಮೇಲೆದ್ದಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. ಭೀಮವ್ವ ಕೆಸರಿನ ಕೈಯಿಂದ ಕಂಬಳಿಯ ಕಡೆ ತೋರಿಸಿದಳು.

"ಹೋಗಿ ಕೂಡಪ್ಪಾ. ಭಂಡಾರ ಹಿಡಿ. ಖಂಡೆಪ್ಪನ ನಾ ನೋಡಲಿಲ್ಲ ಅಂತ ಒಂದು ಮಾತು ಆಡು. ಉಂಡು ಹೋಗಂತಿ."

ಕಂಬಳಿಯ ಕಡೆ ಅವನ ಕಾಲು ಏಳಲಿಲ್ಲ. ಒಮ್ಮೆಲೇ ತಿರುಗಿ ಕಾರು ಹತ್ತಿ ಬಾಗಿಲು ಎಳೆದುಕೊಂಡ. ಎಂಜಿನ್ ಅರಚಿತು. ಹಿಂದಿನ ಅಗಲ ಟೈರುಗಳು ಡಾಂಬರಿನ ಮೇಲೆ ಹುಲಿ. ಹಸಿ ಎರೆಮಣ್ಣಿನಲ್ಲಿ ಅವು ನಿಂತಲ್ಲೇ ತಿರುಗಿದವು, ಮಣ್ಣು ಮೆತ್ತಿಕೊಂಡವು, ಒತ್ತಿದಷ್ಟೂ ಕೆಳಗೆ ಇಳಿದವು. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿತು. ಅವನು ಬಾಗಿಲು ತೆಗೆದು ಇಳಿಯಹೋಗಿ ಜಾರಿ ಮೊಣಕಾಲೂರಿ ಬಿದ್ದ.

"ತಂಗಿ, ಜರಾ ಎಲ್ಲಾರಿಗಿ ದೂಡಾಕ ಹೇಳು. ನಾ ಬೇಕಂತ ಮಾಡಲಿಲ್ಲ. ಹೆದರಿದ್ದೆ. ದೇವರಾಣೆ."

ನಾಗರತ್ನಾ ಅವನ ಹತ್ತಿರ ಹೋದಳು. ವರ್ಷದಿಂದ ಕಾದ ಜಾಗ ಇದು. ಉಗುಳಬೇಕೆಂದುಕೊಂಡಿದ್ದಳು, ಒದೆಯಬೇಕೆಂದುಕೊಂಡಿದ್ದಳು. ಈಗ ಅವಳಿಗೆ ಒಂದೇ ಒಂದು ಮಾತು ತಿಳಿಯಬೇಕಿತ್ತು.

"ಅವತ್ತು ಬಾಗಿ ನೋಡಿದಾಗ, ನಮ್ಮಪ್ಪಂದು ಗುರುತು ಹತ್ತಿತ್ತೇನು?"

ಅವನು ಮಣ್ಣು ನೋಡುತ್ತಿದ್ದ. ತಲೆ ಎತ್ತದೆ, "ಹತ್ತಿತ್ತು" ಎಂದ.

ಅನಿಲಕುಮಾರ ದೂರದಲ್ಲಿ ಮೋಟರ್‌ಸೈಕಲ್ ನಿಲ್ಲಿಸಿ ಠಾಣೆಗೆ ಫೋನು ಹಚ್ಚಿದ. ತುಳಜಪ್ಪ ಕಲ್ಲಿನ ಮುಂದೆ ಎಡೆ ಹಿಡಿದು, ಭಂಡಾರ ಎರಚಿ, ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ. ಕುರಿಗಾರರು ಒಬ್ಬೊಬ್ಬರಾಗಿ ಕಾರಿನ ಪಕ್ಕ ಬಂದರು, ಕೆಸರಿನಲ್ಲಿ ಕೂತವನನ್ನು ಬಾಗಿ ನೋಡಿದರು, ಹಿಂಡಿನ ಕಡೆ ನಡೆದರು. ಅವನು ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಎಲ್ಲರ ಹೆಸರೂ ಅವನಿಗೆ ಗೊತ್ತಿತ್ತು. ಭೀಮವ್ವ ನೋಡಿದಳು. ಕೊನೆಗೆ ನಾಗರತ್ನಾ ಬಾಗಿ, ಅವನ ಕಣ್ಣಿನಲ್ಲಿ ಕಣ್ಣಿಟ್ಟು, ಅಪ್ಪನ ಪಾಲಿನದನ್ನೂ ಸೇರಿಸಿ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ತಾಯಿಯ ರಟ್ಟೆ ಹಿಡಿದುಕೊಂಡು, ಮನೆಯ ಕಡೆ ಹೋದಳು.